ಪುಸ್ತಕದಲ್ಲಿಲ್ಲದ ಮುದುಕಿ

ಆ ಕಾದಂಬರಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಹುಡುಕಿಕೊಂಡು ಹೋಗಿ ಕೊಂಡಾರು, ಆ ಪಾಪ ನನಗೆ ಬೇಡ. ಇಂಗ್ಲಿಷ್ ಪುಸ್ತಕ. ಹೊದಿಕೆಯ ಮೇಲೆ ಹೊತ್ತಿ ಉರಿಯುವ ಒಂದು ಊರು, ಅದರ ಮುಂದೆ ಕೂದಲನ್ನು ಗಾಳಿಗೆ ಬಿಟ್ಟುಕೊಂಡು ನಿಂತ ಒಬ್ಬ ಹುಡುಗಿ. ಊರಿಗೆ ಬೆಂಕಿ ಬಿದ್ದಾಗ ಜಡೆ ಹಾಕಿಕೊಳ್ಳಬೇಕು ಅನ್ನುವಷ್ಟೂ ಬುದ್ಧಿ ಇಲ್ಲದವಳ ಕಥೆ ಇದು ಎಂದು ನನಗೆ ಅಲ್ಲೇ ಹೊಳೆಯಬೇಕಿತ್ತು. ಆದರೂ ನರಸಾಪುರದ ಕಂಪನಿ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಒಂದು ವಾರ ಅದನ್ನು ಓದಿದೆ. ಓದದೆ ವಿಧಿಯಿರಲಿಲ್ಲ. ನಮ್ಮಮ್ಮ ಮಾತಾಡುವುದು ಬಿಡುವುದು ಆ ಪುಸ್ತಕದ ಮೇಲೆ ನಿಂತಿತ್ತು.

ಅದು ಹೇಗೆ ಎಂದು ಹೇಳಬೇಕಾದರೆ ಅವರೆಕಾಯಿಯಿಂದ ಶುರು ಮಾಡಬೇಕು.

ನಮ್ಮದು ಮುಳಬಾಗಿಲಿನ ಹತ್ತಿರ ತಾಯಲೂರು, ಕನ್ನಡದ ಜೊತೆ ತೆಲುಗೂ ಆಡುವ ಊರು. ನಾನು ಲಂಗ ಹಾಕುವ ವಯಸ್ಸಿನಲ್ಲಿ, ಚಳಿಗಾಲ ಬಂತೆಂದರೆ ರಾಗಿಯ ನಡುನಡುವೆ ಬಿತ್ತಿದ ಅಕ್ಕಡಿ ಸಾಲಿನ ಅವರೆಕಾಯಿ ಮೂಟೆಗಟ್ಟಲೆ ಮನೆಗೆ ಬರುತ್ತಿತ್ತು. ಇಬ್ಬನಿ ಕುಡಿದ ಆ ಕಾಯಿಯ ಸೊಗಡು ಕೈಗೆ ಹತ್ತಿದರೆ ಸೋಪಿಗೂ ಹೋಗುತ್ತಿರಲಿಲ್ಲ. ಸ್ಕೂಲಿನಲ್ಲಿ ಸ್ಲೇಟು ಮೂಸಿದರೂ ಅವರೆಕಾಯಿ. ಸುಲಿದ ಕಾಳನ್ನು ನೀರಿನಲ್ಲಿ ನೆನೆಹಾಕಿ, ಮಾರನೇ ದಿನ ಜಗಲಿಗೆ ಬಿಸಿಲು ಬಂದ ಮೇಲೆ ಮನೆಯ ಹೆಂಗಸರೆಲ್ಲ ಬೇಸಿನ್ನಿನ ಸುತ್ತ ಕೂತು ಸಿಪ್ಪೆ ಬಿಡುವ ಹಾಗೆ ಒಂದೊಂದೇ ಕಾಳನ್ನು ಹಿದುಕಬೇಕು. ಹಿದಕಿದ ಬೇಳೆ ಸಾರಿಗೆ ಮುದ್ದೆ ಮುರಿದುಕೊಳ್ಳುವಾಗ ಇರುವ ಸುಖ ಹಿದುಕುವಾಗ ಇರುವುದಿಲ್ಲ. ಬೆರಳ ತುದಿ ಸುಕ್ಕಾಗುತ್ತದೆ, ಸೊಂಟ ಹಿಡಿಯುತ್ತದೆ, ಬೇಸಿನ್ ಮಾತ್ರ ಖಾಲಿಯಾಗುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲೊಂದು ಪದ್ಧತಿ ಇತ್ತು. ಒಬ್ಬರು ಕಥೆ ಹೇಳಬೇಕು. ಹೇಳುವವರು ಕಾಳು ಮುಟ್ಟಬಾರದು, ಅವರ ಪಾಲಿನದನ್ನೂ ಉಳಿದವರೇ ಹಿದುಕಬೇಕು.

ಹೇಳುತ್ತಿದ್ದವಳು ದೊಡ್ಡಮ್ಮ, ನಮ್ಮಪ್ಪನ ಅಣ್ಣನ ಹೆಂಡತಿ ಕದಿರಮ್ಮ. ಮುಳಬಾಗಿಲಿನಲ್ಲಿ ಮೇಷ್ಟರಾಗಿದ್ದ ತಮ್ಮನ ಮನೆಯಿಂದ ಅವಳಿಗೆ ಹಳೇ ವಾರಪತ್ರಿಕೆಗಳು ಬರುತ್ತಿದ್ದವು. ಅವುಗಳ ಧಾರಾವಾಹಿ ಓದಿಕೊಂಡು, ಜಗಲಿಯಲ್ಲಿ ಗೋಡೆಗೊರಗಿ, ಕಾಲು ಚಾಚಿ, ಮಹಾರಾಣಿಯ ಹಾಗೆ ಕೂತು ಹೇಳುವಳು. ಕೇಳುವವರಲ್ಲಿ ಮೊದಲನೆಯವಳು ನಮ್ಮಮ್ಮ, ಚಿಕ್ಕವೆಂಕಟಮ್ಮ. ಅಮ್ಮ ಬರೀ ಕೇಳುವ ಪೈಕಿ ಅಲ್ಲ. "ತರ್ವಾತ?" ಎಂದು ತೆಲುಗಿನಲ್ಲಿ ಒತ್ತಾಯ ಮಾಡುವಳು. ಮುಂದೇನಾಯಿತು ಎಂಬುದನ್ನು ನಮ್ಮ ಕಡೆಯ ಜನ ಕನ್ನಡದಲ್ಲಿ ಕೇಳಿದರೆ ಅವಸರ ಅಷ್ಟು ಗೊತ್ತಾಗುವುದಿಲ್ಲ. ಅದರ ಮೇಲೆ ಪ್ರಶ್ನೆಗಳು ಬೇರೆ.

"ಅಲ್ಲಕ್ಕಾ, ಆ ಡಾಕ್ಟ್ರು ಹೆಂಡ್ತೀನೂ ಕರ್ಕೊಂಡು ಮೈಸೂರಿಗೋದ್ನಲ್ಲ, ಮನೇಲಿರೋ ಹಸು ಯಾರು ಕರೀತಾರೆ?"

ಧಾರಾವಾಹಿಯಲ್ಲಿ ಹಸು ಇತ್ತೋ ಇಲ್ಲವೋ, ದೊಡ್ಡಮ್ಮ ಕಣ್ಣು ಮಿಟುಕಿಸದೆ ಹೇಳುವಳು. "ಪಕ್ಕದ್ಮನೆ ಅಜ್ಜೀಗೆ ಹೇಳೋಗಿದಾನೆ. ಅವಳೇನ್ ಕಮ್ಮಿ ಕಳ್ಳಿ ಅಲ್ಲ, ಅರ್ಧ ಹಾಲು ಅವಳೇ ಕುಡೀತಾಳೆ." ಅಲ್ಲಿಂದ ಆ ಅಜ್ಜಿಯದೇ ಒಂದು ಉಪಕಥೆ ಹುಟ್ಟಿ, ಮಧ್ಯಾಹ್ನದ ಸಾರಿನವರೆಗೂ ಬೆಳೆಯುತ್ತಿತ್ತು.

ಕಾಲೇಜಿಗೆ ಹೋಗುವಾಗ ಮುಳಬಾಗಿಲಿನ ಲೈಬ್ರರಿಯಲ್ಲಿ ಆ ಡಾಕ್ಟರ ಕಾದಂಬರಿ ಇಡಿಯಾಗಿ ನನ್ನ ಕೈಗೆ ಸಿಕ್ಕಿತು. ಆಸೆಯಿಂದ ಓದಿದೆ. ಹಸು ಇಲ್ಲ, ಕಳ್ಳ ಅಜ್ಜಿ ಇಲ್ಲ. ನಮ್ಮ ಜಗಲಿಯಲ್ಲಿ ಮೊಮ್ಮಕ್ಕಳನ್ನು ಕಂಡ ಡಾಕ್ಟರ ಹೆಂಡತಿ ಪುಸ್ತಕದಲ್ಲಿ ನಡುವೆಯೇ ಕೆಮ್ಮಿ ಕೆಮ್ಮಿ ಸತ್ತಿದ್ದಳು. ಮನೆಗೆ ಬಂದು ದೊಡ್ಡಮ್ಮನ ಮೇಲೆ ಎಗರಾಡಿದೆ. ಅವಳು ನಕ್ಕಳು.

"ಮಧ್ಯದ ವಾರಗಳು ಬರ್ಲೇ ಇಲ್ಲ ಕಣೇ ಗಂಗಾ. ನಿಮ್ಮಮ್ಮ ಸುಮ್ನಿರ್ತಾಳಾ? ಬರ್ದೇ ಇದ್ದ ವಾರಾನ ನಾನೇ ತಂದೆ."

ಆ ಲೇಖಕರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅಂಥ ಹೆಂಗಸನ್ನು ಕೊಲ್ಲಲು ಅವರಿಗೆ ಮನಸ್ಸಾದರೂ ಹೇಗೆ ಬಂತು?

ನಾನು ಕಥೆ ಹೇಳುವವಳಾಗಲಿಲ್ಲ, ಓದುವವಳಾದೆ. ಮದುವೆಯೂ ಆಗಲಿಲ್ಲ, ಅದರ ಮಾತು ಇಲ್ಲಿ ಬೇಡ. ನರಸಾಪುರದ ಕಾರ್ಖಾನೆಯಲ್ಲಿ ತಯಾರಾದ ಸಾಮಾನು ಪರೀಕ್ಷೆ ಮಾಡಿ, ಸರಿಯಿಲ್ಲದ್ದನ್ನು ಪಕ್ಕಕ್ಕೆಸೆಯುವುದು ನನ್ನ ಕೆಲಸ. ಪುಸ್ತಕಗಳನ್ನೂ ಹಾಗೇ ನೋಡುತ್ತೇನೆ ಎಂದು ನನ್ನ ತಮ್ಮ ಉದಯಕುಮಾರ ಹಾಸ್ಯ ಮಾಡುತ್ತಾನೆ. ಮಾಡಲಿ.

ಹೋದ ವರ್ಷ ಯುಗಾದಿ ಕಳೆದ ಮೇಲೆ ದೊಡ್ಡಮ್ಮನಿಗೆ ಜ್ವರ ಬಂತು. ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಅಮ್ಮನಿಗೆ ಮಂಡಿನೋವು. "ಎರಡು ದಿನದ್ ಮಾತಮ್ಮ, ಬಂದ್ಬಿಡ್ತಾರೆ. ನೀನ್ಯಾಕೆ?" ಎಂದು ಉದಯ ಅವಳನ್ನು ಮನೆಯಲ್ಲೇ ಬಿಟ್ಟ. ರಜ ಹಾಕಿ ಜೊತೆಗಿದ್ದವಳು ನಾನೊಬ್ಬಳೇ. ತಿರುಗಿ ಬಂದಿದ್ದು ಹೆಣ. ಅರ್ಧ ಶತಮಾನಕ್ಕೂ ಮಿಗಿಲಾಗಿ ಒಂದೇ ಒಲೆ ಹಂಚಿಕೊಂಡ ವಾರಗಿತ್ತಿಯ ಮುಂದೆ ಅಮ್ಮ ಸುಮ್ಮನೆ ಕೂತಳು. ಅಳಲಿಲ್ಲ. ಏನಾಯಿತು ಎಂದು ನನ್ನನ್ನು ಕೇಳಲಿಲ್ಲ. ಕೇಳದವಳಿಗೆ ನಾನು ಹೇಗೆ ಹೇಳಲಿ? ಅಲ್ಲಿಂದ ಅವಳ ಮಾತು ನಿಂತಿತು. ಉಂಡೆಯಾ ಅಂದರೆ ಹೂಂ, ನಿದ್ದೆ ಬಂತಾ ಅಂದರೆ ಹೂಂ. ಡಾಕ್ಟರು ಕಾಯಿಲೆ ಏನೂ ಇಲ್ಲ ಎಂದರು. ಉದಯನ ಹೆಂಡತಿ ಸುನಂದ ದೇವರಿಗೆ ಹರಕೆ ಕಟ್ಟಿದಳು. ನಮ್ಮ ಮನೆಯಲ್ಲಿ ಅಷ್ಟು ಪ್ರಶ್ನೆ ಕೇಳುತ್ತಿದ್ದ ಬಾಯಿ ಮುಚ್ಚಿಕೊಂಡಿದ್ದು ನನ್ನಿಂದ ನೋಡಲಾಗುತ್ತಿರಲಿಲ್ಲ.

ಹೀಗಿರುವಾಗ ಡಿಸೆಂಬರ್ ಕೊನೆಯಲ್ಲಿ ಉದಯನ ಮಗಳು ಶಿರೀಷಾ ರಜಕ್ಕೆ ಬಂದಳು. ಕೋಲಾರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಸೈನ್ಸ್ ಓದುವ ಹುಡುಗಿ. ಸುನಂದ ಅವರೆಕಾಳು ನೆನೆಹಾಕಿದ್ದಳು. ಬೆಳಗ್ಗೆ ಜಗಲಿಯಲ್ಲಿ ನಾವು ಮೂವರೂ ಹಿದುಕುತ್ತಿದ್ದರೆ ಅಮ್ಮ ಕಂಬಕ್ಕೊರಗಿ ಎತ್ತಲೋ ನೋಡುತ್ತಿದ್ದಳು. ಶಿರೀಷಾಗೆ ಎರಡು ಹಿಡಿ ಕಾಳು ಆಗುವಷ್ಟರಲ್ಲಿ ಬೇಜಾರು ಬಂತು.

"ನಾನು ಕಥೆ ಹೇಳ್ತೀನಿ, ಹಿದುಕಲ್ಲ. ಅದೇ ಅಲ್ವಾ ರೂಲ್ಸು?" ಎಂದು ಕೈ ಒರೆಸಿಕೊಂಡಳು.

ಅವಳು ಹೇಳಿದ್ದು ಆ ಉರಿಯುವ ಊರಿನ ಪುಸ್ತಕದ ಕಥೆ. ದೊಡ್ಡ ಯುದ್ಧವಾಗಿ ಭೂಮಿಯೆಲ್ಲ ಬೂದಿಯಾಗಿದೆ. ಉಳಿದ ಜನ ಎತ್ತರದ ಗೋಡೆ ಕಟ್ಟಿಕೊಂಡು ಒಂದೇ ಊರಲ್ಲಿದ್ದಾರೆ. ಹದಿನೇಳು ತುಂಬಿದವರಿಗೆ ಯಾರ ಜೊತೆ ಮದುವೆ ಎಂದು ಒಂದು ಮಷೀನು ಹೇಳುತ್ತದೆ. ಎಲೀನಾ ಎಂಬ ಹುಡುಗಿಗೆ ಊರಿನ ಯಜಮಾನನ ಮಗನನ್ನೇ ಹೇಳುತ್ತದೆ. ಅವಳಿಗೋ ಗೋಡೆಯಾಚೆಯ ಒಬ್ಬ ಹುಡುಗನ ಮೇಲೆ ಮನಸ್ಸು.

ಕಂಬದ ಕಡೆಯಿಂದ ಧ್ವನಿ ಬಂತು. ಒಡೆದ ಧ್ವನಿ, ಬಳಸದೆ ಇಟ್ಟ ಬಾಗಿಲು ತೆಗೆದ ಹಾಗೆ.

"ಅಷ್ಟು ಜನಕ್ಕೆ ಗೋಡೆಯೊಳಗೆ ನೀರೆಲ್ಲಿಂದ ಬರುತ್ತೆ?"

ನಾನೂ ಸುನಂದಳೂ ಮುಖ ಮುಖ ನೋಡಿಕೊಂಡೆವು. ಶಿರೀಷಾ ಒಂದು ಗಳಿಗೆ ತಡೆದು, "ಕೆರೆ ಇದೆ ಅಜ್ಜಿ. ಒಂದೇ ಕೆರೆ. ನೀರು ಬಿಡೋಕೆ ಅದಕ್ಕೊಂದು ತೂಬಿದೆ" ಎಂದಳು.

"ತೂಬು ಯಾರು ತೆಗೀತಾರೆ?"

"ಒಬ್ಳು ಮುದುಕಿ. ಅವ್ರ ಮನೇವ್ರೇ ಮೊದ್ಲಿಂದ ನೀರ್ಗಂಟಿಗಳು. ಊರಿಗೆಲ್ಲ ನೀರು ಬಿಡೋಳು ಅವಳೇ. ಅದಕ್ಕೇ ಯಜಮಾನನಿಗೂ ಅವಳ ಕಂಡ್ರೆ ಭಯ."

"ಹಂಗನ್ನು ಮತ್ತೆ. ತರ್ವಾತ?"

ನನ್ನ ಕಣ್ಣಲ್ಲಿ ನೀರು ಬಂತು. ಸೊಗಡು ಕಣ್ಣಿಗೆ ಹೊಡೆಯಿತು ಎಂದು ಸೆರಗಿನಿಂದ ಒರೆಸಿಕೊಂಡೆ. ಎರಡು ದಿನ ಬೆಳಗ್ಗೆ ಆ ಕಥೆ ನಡೆಯಿತು. ಎಲೀನಾ ಮೊದಲ ದಿನವೇ ಅಮ್ಮನ ಬಾಯಲ್ಲಿ ಯಲ್ಲಮ್ಮ ಆದಳು. ತೂಬಿನ ಮುದುಕಿ ಯಲ್ಲಮ್ಮನನ್ನು ತೂಬಿನ ಹಿಂದಿನ ಕಲ್ಲುಮಂಟಪದಲ್ಲಿ ಬಚ್ಚಿಟ್ಟಳು. ಸಿಪಾಯಿಗಳು ಬಂದರೆ ನೀರು ನಿಲ್ಲಿಸುತ್ತೇನೆ ಎಂದು ಹೆದರಿಸಿದಳು. ರಾತ್ರಿಯೆಲ್ಲ ಹುಡುಗಿಗೆ ಬೈಯುತ್ತಾ ತಲೆ ಬಾಚಿದಳು. ಎರಡನೇ ದಿನ ಅಮ್ಮ ಕಂಬ ಬಿಟ್ಟು ಬೇಸಿನ್ನಿನ ಹತ್ತಿರಕ್ಕೆ ಜರುಗಿ ತಾನೂ ಕಾಳು ಹಿದುಕತೊಡಗಿದಳು. ಅಷ್ಟರಲ್ಲಿ ಹಾಸ್ಟೆಲಿನಿಂದ ಫೋನು ಬಂತು, ಪರೀಕ್ಷೆಯ ತಯಾರಿ ಕ್ಲಾಸು ಶುರುವಂತೆ. ಶಿರೀಷಾ ಬ್ಯಾಗು ಏರಿಸಿಕೊಂಡಳು. ಇನ್ನು ಬರುವುದು ಪರೀಕ್ಷೆ ಮುಗಿದ ಮೇಲೆ, ಅಂದರೆ ಅವರೆಕಾಯಿಯ ಕಾಲ ಕಳೆದ ಮೇಲೆ.

"ಅದಕ್ಕೇನು, ಪುಸ್ತಕ ಇಲ್ಲೇ ಬಿಟ್ಟೋಗ್ಲಿ. ಬರೋ ಭಾನ್ವಾರ ಗಂಗಾ ಓದಿ ಹೇಳ್ತಾಳೆ" ಎಂದಳು ಅಮ್ಮ. ಒಂಬತ್ತು ತಿಂಗಳಲ್ಲಿ ಅವಳು ಆಡಿದ ಅತ್ಯಂತ ಉದ್ದದ ಮಾತು ಅದು. ಇಲ್ಲ ಎನ್ನುವ ಗಂಡೆದೆ ನನಗಿರಲಿಲ್ಲ.

ಸೋಮವಾರದಿಂದ ಓದಲು ಕೂತೆ. ಬಸ್ಸು ಮುಳಬಾಗಿಲು ಬಿಟ್ಟು ಕೋಲಾರ ದಾಟುವುದರೊಳಗೆ ಯಜಮಾನನ ಮಗನ ಕಣ್ಣಿನ ಬಣ್ಣ ಎಷ್ಟೋ ಸಲ ಬಂತು. ಬೆಳ್ಳಿ ಬಣ್ಣವಂತೆ. ಗೋಡೆಯಾಚೆಯವನದು ಹಸಿರು. ಇಬ್ಬರೂ ಮಾತಿಗೊಮ್ಮೆ ದವಡೆ ಬಿಗಿಹಿಡಿಯುತ್ತಾರೆ, ಹಲ್ಲುನೋವಿರಬೇಕು. ಹುಡುಗಿಗೆ ಇಬ್ಬರ ಮೇಲೂ ಮನಸ್ಸು, ಪುಟಗಟ್ಟಲೆ ಉಸಿರು ಬಿಗಿಹಿಡಿಯುತ್ತಾಳೆ. ಲೋಕವೇ ಬೂದಿಯಾಗಿದೆ, ಇವಳಿಗೆ ಯಾವನ ಕೈ ಬೆಚ್ಚಗಿದೆ ಅನ್ನುವುದೇ ಚಿಂತೆ. ಅಷ್ಟು ಪುಟ ತಿರುವಿದರೂ ಆ ಊರಲ್ಲಿ ಒಬ್ಬರೂ ಒಲೆ ಹಚ್ಚಲಿಲ್ಲ, ಒಬ್ಬರೂ ಬಟ್ಟೆ ಒಗೆಯಲಿಲ್ಲ. ಯಾರಿಗೂ ಅಜ್ಜಿ ಇಲ್ಲ, ಅತ್ತೆ ಇಲ್ಲ, ಬೈಯುವವರು ಒಬ್ಬರೂ ಇಲ್ಲ. ಬೈಯುವವರಿಲ್ಲದ ಊರಲ್ಲಿ ಹದಿನೇಳರ ಹುಡುಗಿಯರು ಇನ್ನೇನು ಮಾಡಿಯಾರು ಎಂದುಕೊಂಡೆ.

ನಾನು ಹುಡುಕುತ್ತಿದ್ದುದು ತೂಬಿನ ಮುದುಕಿಯನ್ನು. ಮುಂದಿನ ಅಧ್ಯಾಯದಲ್ಲಿ ಬರುತ್ತಾಳೆ, ಇನ್ನೊಂದರಲ್ಲಿ ಬರುತ್ತಾಳೆ ಎಂದು ಆಸೆಪಟ್ಟೆ. ಗುರುವಾರದ ಹೊತ್ತಿಗೆ ಪುಸ್ತಕ ಮುಕ್ಕಾಲು ಮುಗಿದಿತ್ತು. ಮುದುಕಿ ಇಲ್ಲ. ಕೆರೆಯೂ ಇಲ್ಲ. ಆ ಪುಸ್ತಕದಲ್ಲಿ ನೀರು ಅಂತ ಇದ್ದದ್ದು ಆ ಹುಡುಗಿಯ ಕಣ್ಣಲ್ಲಿ ಮಾತ್ರ. ದೊಡ್ಡಮ್ಮನ ಕೈಚಳಕ ಕಂಡ ನನಗೆ ಮೊದಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಫಿಸಿಕ್ಸ್ ಓದುವ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ ಎಂದು ನಂಬಿದ್ದೆ. ಊಟದ ಬಿಡುವಿನಲ್ಲಿ ಫೋನು ಮಾಡಿದೆ.

"ಲೇ ಶಿರೀ, ಆ ಮುದುಕಿ ಯಾವ ಪುಟದಲ್ಲಿದ್ದಾಳೆ?"

ಆ ಕಡೆಯಿಂದ ಕಿಸಕ್ಕನೆ ನಗು. "ಅಯ್ಯೋ ಅತ್ತೆ, ನೀವು ನಿಜವಾಗ್ಲೂ ಓದ್ತಿದ್ದೀರಾ? ನಾನೇ ಶುರೂನಲ್ಲಿ ಒಂದಿಷ್ಟು ಓದಿ ಬಿಟ್ಬಿಟ್ಟೆ. ಫ್ರೆಂಡ್ಸ್ ಎಲ್ಲ ಸೂಪರ್ ಅಂದ್ರು ಅಂತ ಎಷ್ಟು ಆಸೆಯಿಂದ ತಗೊಂಡೆ ಗೊತ್ತಾ? ತುಂಬಾ ಬೋರು."

"ಮತ್ತೆ ಅಷ್ಟೆಲ್ಲ ಹೇಳಿದ್ದು?"

"ಅಜ್ಜಿ ಕೇಳಿದ್ರಲ್ಲ. ಕೇಳಿದ್ದಕ್ಕೆ ಹೇಳ್ತಾ ಹೋದೆ."

"ಕೊನೆಗೇನಾಗುತ್ತೆ ಅದನ್ನಾದ್ರೂ ಹೇಳು ಮಾರಾಯ್ತಿ."

"ನಂಗೂ ಗೊತ್ತಿಲ್ಲ ಅತ್ತೆ. ಅಜ್ಜಿ ಇನ್ನೂ ಕೇಳಿಲ್ವಲ್ಲ."

ಬೈಯಬೇಕೆಂದು ಬಾಯಿ ತೆರೆದವಳಿಗೆ ದೊಡ್ಡಮ್ಮನ ಗೋಡೆಗೊರಗಿದ ಬೆನ್ನು ನೆನಪಾಗಿ, ಚೆನ್ನಾಗಿ ಓದಿಕೋ ಎಂದು ಫೋನಿಟ್ಟೆ. ಅವಳು ಇದ್ದಿದ್ದರೆ ಈ ಭಾನುವಾರ ನನ್ನ ತಲೆಯ ಮೇಲೆ ಬರುತ್ತಿರಲಿಲ್ಲ. ಪಕ್ಕಕ್ಕೆಸೆಯುವುದು ನನಗೆ ಬರುತ್ತದೆ, ಹುಟ್ಟಿಸುವುದು ಬರುವುದಿಲ್ಲ.

ಭಾನುವಾರ ಬಂತು. ಸುನಂದ ಕಾಳಿನ ಬೇಸಿನ್ ತಂದಿಟ್ಟಳು. ಅಮ್ಮ ಆಗಲೇ ಸ್ನಾನ ಮಾಡಿ, ತಲೆ ಬಾಚಿ, ಬಿಸಿಲಿನಲ್ಲಿ ಕೂತಿದ್ದಳು. ನಾನು ಗೋಡೆಗೊರಗಲಿಲ್ಲ, ಅದು ದೊಡ್ಡಮ್ಮನ ಜಾಗ. ಹೊಸಿಲ ಹತ್ತಿರ ಕೂತು, ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದೆ. ಯಲ್ಲಮ್ಮ ಮಷೀನು ಒಡೆದುಹಾಕಿದಳು, ಯಜಮಾನ ಸತ್ತ, ಬೆಳ್ಳಿಗಣ್ಣಿನವನು ಅವಳಿಗೋಸ್ಕರ ಗುಂಡಿಗೆ ಎದೆಯೊಡ್ಡಿದ, ಹಸಿರುಗಣ್ಣಿನವನನ್ನು ಅವಳು ಕಟ್ಟಿಕೊಂಡಳು, ಕೊನೇ ಪುಟದಲ್ಲಿ ಹೂವಿನ ಬಯಲಲ್ಲಿ ಇಬ್ಬರು ಮಕ್ಕಳು ಓಡಾಡುತ್ತಿದ್ದರು. ಮುಗಿಯಿತು.

ಅಮ್ಮನ ಕೈ ನಿಂತಿತ್ತು.

"ಇದ್ಯಾರ ಕಥೆ? ನಮ್ ಯಲ್ಲಮ್ಮನ್ದಲ್ಲ."

"ಪುಸ್ತಕದಲ್ಲಿ ಹಿಂಗೇ ಇದೆ ಕಣಮ್ಮ."

"ತೂಬಿನ ಮುದುಕಿ ಏನಾದ್ಲು?"

"ಅವಳು ಪುಸ್ತಕದಲ್ಲೇ ಇಲ್ಲ."

ಹೇಳಿದ ಮೇಲೆ ನನ್ನ ನಾಲಿಗೆ ಕಚ್ಚಿಕೊಂಡೆ. ಅಮ್ಮ ಕೈಯಲ್ಲಿದ್ದ ಕಾಳನ್ನು ಬೇಸಿನ್ನಿಗೆ ಬಿಟ್ಟು, ಹಿಂದಕ್ಕೆ ಜರುಗಿ ಕಂಬಕ್ಕೊರಗಿದಳು. ಮುಖ ಮತ್ತೆ ಆ ಒಂಬತ್ತು ತಿಂಗಳ ಮುಖವಾಗುವುದು ನನ್ನ ಕಣ್ಣೆದುರೇ ಕಂಡಿತು. ನನಗೆ ಹೆದರಿಕೆಯಾಯಿತು. ಹೆದರಿಕೆಗೆ ಬಾಯಿ ತಾನಾಗಿ ಓಡಿತು.

"ಇದ್ದಾಳಮ್ಮ, ಇದ್ದಾಳೆ. ನಾನು ಬೇಗ ಮುಗಿಸ್ಬೇಕು ಅಂತ ಬಿಟ್ಬಿಟ್ಟೆ. ಸಿಪಾಯಿಗಳು ಕಲ್ಲುಮಂಟಪದ ತನಕ ಬಂದ್ರು. ಮುದುಕಿ ತೂಬು ಮುಚ್ಚಿದ್ಲು. ಕಾಲುವೆ ಒಣಗ್ತು. ಆ ಕಾಲುವೇಲಿ ಬಗ್ಗಿಕೊಂಡು ಯಲ್ಲಮ್ಮ ಗೋಡೆಯಾಚೆಗೆ ಹೋಗ್ಬಿಟ್ಲು."

"ಮುದುಕಿ?"

"ತಣ್ಣೀರಲ್ಲಿ ಇಳಿದಿದ್ಲಲ್ಲ. ಜ್ವರ ಬಂತು."

ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ಹೊಸದಾಗಿ ಹುಟ್ಟಿಸಲು ಬಾರದವಳ ಬಾಯಿಗೆ ಕಂಡದ್ದೇ ಬಂತು. ಅಮ್ಮ ಕಂಬ ಬಿಟ್ಟು ಮುಂದಕ್ಕೆ ಬಾಗಿದಳು.

"ಯಾರು ನೋಡ್ಕೊಂಡ್ರು?"

"ಊರವ್ರು ಆಸ್ಪತ್ರೆಗೆ ಸೇರಿಸಿದ್ರು. ಕಿಟಕಿ ಪಕ್ಕದ ಮಂಚ."

"ಉಸಿರಿಗೆ ಕಷ್ಟ ಆಯ್ತಾ?"

"ಮೊದಲನೇ ದಿನ ಆಯ್ತು. ಆಮೇಲೆ ಸೂಜಿ ಕೊಟ್ರು, ಆಗ್ಲಿಲ್ಲ. ನೆಮ್ಮದಿಯಾಗಿ ಮಲಗಿದ್ಲು."

"ನೀರು ಕೇಳಿದ್ಲಾ?"

"ಕೇಳಿದ್ಲು."

"ಯಾರು ಕೊಟ್ರು? ಯಲ್ಲಮ್ಮ ಓಡೋಗಿದ್ಲಲ್ಲ."

ಸುನಂದಳ ಕೈಯೂ ನಿಂತಿತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳು ಏನು ಕೇಳುತ್ತಿದ್ದಾಳೆ ಎಂದು ನನಗೆ ಆಗ ಅರ್ಥವಾಯಿತು. ಅಷ್ಟು ತಿಂಗಳು ಕೇಳಲಾರದೆ ನುಂಗಿಕೊಂಡಿದ್ದ ಮಾತು ಯಾವಳೋ ನೀರಗಂಟಿ ಮುದುಕಿಯ ಹೆಸರು ಹಿಡಿದು ಹೊರಗೆ ಬರುತ್ತಿತ್ತು.

"ನಾನೇ ಕೊಟ್ಟೆ ಅಮ್ಮ. ಚಮಚದಲ್ಲಿ. ಮೂರ್ನಾಲ್ಕು ಸಲ ಕುಡಿದ್ಲು."

"ಏನಾದ್ರೂ ಮಾತಾಡಿದ್ಲಾ?"

"ನಿನ್ನ ಕೇಳಿದ್ಲು. ಎಂಕ್ಟಿ ಊಟ ಮಾಡಿದ್ಲಾ ಅಂದ್ಲು."

"ನೀನೇನಂದೆ?"

"ಮಾಡಿದ್ಲು ಅಂದೆ. ಸರಿ ಅಂತ ಕಣ್ಣು ಮುಚ್ಚಿಕೊಂಡ್ಲು. ಮತ್ತೆ ತೆಗೀಲಿಲ್ಲ."

ಅಮ್ಮ ತಲೆಯಾಡಿಸಿದಳು. ಒಮ್ಮೆ, ಇನ್ನೊಮ್ಮೆ.

"ಮಾಡಿರ್ಲಿಲ್ಲ ಕಣೇ ಗಂಗಾ. ಅಕ್ಕ ಬರ್ಲಿ, ಜೊತೇಲಿ ಮಾಡಾಣ ಅಂತ ಕಾಯ್ತಾ ಕೂತಿದ್ದೆ."

ಅಷ್ಟು ಹೇಳಿ ಅಮ್ಮ ಅತ್ತಳು. ಬೀದಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಜೋರಾಗಿ, ಎದೆ ಬಡಿದುಕೊಂಡು, ಹೋದ ವರ್ಷ ಹೆಣದ ಮುಂದೆ ಅಳಬೇಕಾಗಿದ್ದನ್ನೆಲ್ಲ ಅತ್ತಳು. ಸಮಾಧಾನ ಮಾಡಲು ಸುನಂದ ಎದ್ದಳು. ಬೇಡ, ಅಳಲಿ ಎಂದು ನಾನು ಅವಳ ಸೆರಗು ಹಿಡಿದು ಕೂರಿಸಿದೆ. ಆಮೇಲೆ ನಾನೂ ಅತ್ತೆ.